ಕೂ ಹಾಕಿದರೆ ಕೇಳುವಷ್ಟು ದೂರ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಉತ್ತರ ಕನ್ನಡ, ಕಾರವಾರ.

ವಿಷಯ: ಕಾಡಿನ ಬೆಂಕಿ ಆರಿಸಲು ಹೋಗುವ ಊರಿನ ಜನರಿಗೂ ಎಲ್ಲ ಇಲಾಖೆಗಳಿಗೂ ಸೇರಿ ಒಂದೇ ತುರ್ತು ರೇಡಿಯೊ ವ್ಯವಸ್ಥೆಯನ್ನು ಸರ್ಕಾರದ ಹಣದಲ್ಲಿ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಾನು ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ. ಎರಡು ಎಕರೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕೊಟ್ಟಿಗೆಯಲ್ಲಿ ನಾಲ್ಕು ದನ. ಊರಿನ ಗ್ರಾಮ ಅರಣ್ಯ ಸಮಿತಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು ಅಂದರೆ ಕತ್ತಿ ಹಿಡಿದು ಓಡುವ ಹದಿನೈದಿಪ್ಪತ್ತು ಜನರಲ್ಲಿ ನಾನೂ ಒಬ್ಬ. ನಮಗೆ ಸಂಬಳ ಇಲ್ಲ, ಸಮವಸ್ತ್ರ ಇಲ್ಲ. ಮರುದಿನ ಪೇಪರಿನಲ್ಲಿ 'ಸ್ಥಳೀಯರ ನೆರವಿನಿಂದ ಬೆಂಕಿ ನಂದಿಸಲಾಯಿತು' ಎಂದು ಒಂದು ಸಾಲು ಬರುತ್ತದೆ. ಆ ಸ್ಥಳೀಯರು ಅಂದರೆ ನಾವು.

ಸಂಬಳ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಬೆಟ್ಟ ಉಳಿದರೆ ದರಕು, ಅಂದರೆ ಉದುರಿದ ಒಣ ಎಲೆ, ಸಿಗುತ್ತದೆ, ಸೊಪ್ಪು ಸಿಗುತ್ತದೆ, ತೋಟ ಉಳಿಯುತ್ತದೆ. ಶಿರಸಿ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ. ಹಾಗಾಗಿ ಬೆಂಕಿ ಆರಿಸುವುದು ನಮಗೆ ಉಪಕಾರದ ಕೆಲಸವೇನಲ್ಲ, ಮನೆ ಕೆಲಸ. 1983ರಲ್ಲಿ ಸಲ್ಕಣಿ ಕಡೆ ಮರ ಅಪ್ಪಿಕೊಂಡು ನಿಂತವರ ತಾಲೂಕು ಇದು. ಬೆಂಕಿಯನ್ನು ಅಪ್ಪಿಕೊಳ್ಳಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾವು ಕೇಳುವುದು ಒಂದೇ. ಬೆಂಕಿಯ ಈ ಕಡೆ ಇರುವವನ ಮಾತು ಆ ಕಡೆ ಇರುವವನಿಗೆ ಕೇಳುವಂತೆ ಮಾಡಿ.

ಯಾಕೆ ಎಂದು ಹೇಳಲು ಒಂದು ಮಧ್ಯಾಹ್ನದ ಕತೆ ಹೇಳಬೇಕು. ಮಾರ್ಚ್ ತಿಂಗಳು. ಊಟ ಮುಗಿಸಿ ಅಂಗಳದಲ್ಲಿ ಅಡಿಕೆ ಹರಗುತ್ತಿದ್ದೆ. ಮೂಡುಗಡೆ ಬೇಣದ (ಹುಲ್ಲುಗಾವಲಿನ) ಹಿಂದೆ ಹೊಗೆ ಎದ್ದಿತು. ಮೊದಲು ಬಿಳಿ, ಆಮೇಲೆ ಹಳದಿ. ಹೊಗೆ ಹಳದಿಯಾಯಿತು ಅಂದರೆ ಹುಲ್ಲು ಮುಗಿಸಿ ದರಕಿಗೆ ಬಂತು ಅಂತಲೇ ನಮ್ಮ ಲೆಕ್ಕ. ಹನ್ನೆರಡು ಜನ ಸೇರಿದೆವು. ಹಳ್ಳದ ಗುಂಟ ಹೋಗಿ, ಹಸಿ ಟೊಂಗೆ ಕಡಿದುಕೊಂಡು, ಬೆಂಕಿಯ ಕೆಳ ಅಂಚನ್ನು ಬಡಿಯುತ್ತಾ ಹೊರಟೆವು. ಇದು ನಮ್ಮ ಅಜ್ಜಂದಿರ ಕಾಲದ ಕ್ರಮ. ಬೆಂಕಿ ಏರು ಹತ್ತುವಾಗ ಓಡುತ್ತದೆ, ಇಳಿಯುವಾಗ ತೆವಳುತ್ತದೆ. ತೆವಳುವ ಕಡೆಯಿಂದಲೇ ಅದನ್ನು ಹಿಡಿಯಬೇಕು.

ಅದೇ ಹೊತ್ತಿಗೆ ಪಕ್ಕದ ಊರಿನವರೂ ಬೆಂಕಿ ಕಾವಲುಗಾರರೂ ಸೇರಿ ಗುಡ್ಡದ ನೆತ್ತಿಗೆ ಹೋಗಿದ್ದರು. ಅಲ್ಲಿ ಹಳೇ ಫೈರ್ ಲೈನ್ ಇದೆ, ಬೆಂಕಿ ದಾಟದಂತೆ ತೆರವು ಮಾಡಿದ ನೆಲದ ಪಟ್ಟಿ. ಅವರು ಆ ಲೈನಿನ ಗುಂಟ ಎದುರು ಬೆಂಕಿ ಕೊಟ್ಟರು. ಬರುವ ಬೆಂಕಿಗೆ ತಿನ್ನಲು ಏನೂ ಸಿಗದಂತೆ ಮೊದಲೇ ಸುಟ್ಟುಬಿಡುವುದು. ಅದೂ ಸರಿಯಾದ ಕ್ರಮವೇ. ಆದರೆ ನಾವು ಮಧ್ಯದಲ್ಲಿ ಇದ್ದೇವೆ ಎಂದು ಅವರಿಗೆ ಗೊತ್ತಿಲ್ಲ. ಅವರು ಮೇಲೆ ಕಡ್ಡಿ ಗೀರಿದ್ದಾರೆ ಎಂದು ನಮಗೆ ಗೊತ್ತಿಲ್ಲ.

ಮೂರೂವರೆ ಹೊತ್ತಿಗೆ ಗಾಳಿ ತಿರುಗಿತು. ಕರಾವಳಿ ಕಡೆಯ ಗಾಳಿ ಮಧ್ಯಾಹ್ನ ಕಳೆದ ಮೇಲೆ ಘಟ್ಟ ಹತ್ತಿ ಬರುತ್ತದೆ, ಇದು ನಿಮಗೆ ಕಾರವಾರದಲ್ಲಿ ಕೂತೇ ಗೊತ್ತಿರುತ್ತದೆ. ಎರಡು ಕಡೆಯಿಂದ ಹೊಗೆ ಮುಚ್ಚಿತು. ಪಕ್ಕದಲ್ಲಿದ್ದವನ ಮುಖವೇ ಕಾಣಲಿಲ್ಲ.

ಮಾನ್ಯರೇ, ಮಲೆನಾಡಿನಲ್ಲಿ 'ಕೂ' ಹಾಕುವುದು ಅಂತ ಒಂದಿದೆ. ನೀವೂ ಕೇಳಿರಬಹುದು. ಬಾಯಿಗೆ ಕೈ ಅಡ್ಡ ಇಟ್ಟು 'ಕೂ…' ಎಂದು ಎಳೆದರೆ ಕಣಿವೆಯ ಆಚೆ ಮನೆಯವರೆಗೆ ಮುಟ್ಟುತ್ತದೆ. ದನ ತಪ್ಪಿಸಿಕೊಂಡರೆ ಒಂದು ಕೂ, ಊಟಕ್ಕೆ ಕರೆಯಲು ಒಂದು ಕೂ, ಸಾವಿನ ಸುದ್ದಿಗೆ ಬೇರೆಯೇ ಒಂದು ಕೂ. ಆ ದಿನ ನಮ್ಮ ಜೊತೆ ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರಿದ್ದರು. ಅವರ ಕೂ ಮೂರು ಊರಿಗೆ ಕೇಳುತ್ತದೆ ಎಂದು ಪ್ರಸಿದ್ಧ. ಅವರು ಕೂ ಹಾಕಿದರು. ಮತ್ತೆ ಹಾಕಿದರು. ಬಿದಿರು ಮೆಳೆಗೆ ಬೆಂಕಿ ಹಿಡಿದಿತ್ತು. ಒಂದೊಂದು ಗಣ್ಣೂ ಗರ್ನಾಲಿನ ಹಾಗೆ ಸಿಡಿಯುತ್ತಿತ್ತು. ಆ ಸದ್ದಿನಲ್ಲಿ ಅವರ ಕೂ ನನಗೇ ಸರಿಯಾಗಿ ಕೇಳಲಿಲ್ಲ, ನಾನು ಹತ್ತು ಮಾರು ದೂರದಲ್ಲಿದ್ದೆ. ಮೇಲಿನವರಿಗೆ ಎಲ್ಲಿಂದ ಕೇಳಬೇಕು?

ಫೋನ್ ಇರಲಿಲ್ಲವಾ ಎಂದು ಕೇಳಬೇಡಿ. ಹನ್ನೆರಡು ಜನರ ಹತ್ತಿರ ಹದಿಮೂರು ಫೋನ್ ಇತ್ತು. ನೆಟ್‌ವರ್ಕ್ ಇರಲಿಲ್ಲ. ನಮ್ಮೂರಿನಲ್ಲಿ ಒಂದು ಬಂಡೆಗೆ 'ನೆಟ್‌ವರ್ಕ್ ಕಲ್ಲು' ಅಂತಲೇ ಹೆಸರು. ಕೊರೊನಾ ಕಾಲದಲ್ಲಿ ಮಕ್ಕಳು ಅಲ್ಲೇ ಪ್ಲಾಸ್ಟಿಕ್ ಹೊದೆಸಿದ ಚಪ್ಪರ ಮಾಡಿಕೊಂಡು ಆನ್‌ಲೈನ್ ಕ್ಲಾಸ್ ಕೇಳಿದ್ದರು. ಅದು ಬೆಂಕಿಯಿಂದ ಎರಡು ಕಿಲೋಮೀಟರ್ ದೂರ. ಬೆಂಕಿಗೆ ಅಷ್ಟು ತಾಳ್ಮೆ ಇಲ್ಲ.

ಕೊನೆಗೆ ಹಳ್ಳಕ್ಕೆ ಓಡಿ ಇಳಿದೆವು. ಒಂದು ಗುಂಡಿಯಲ್ಲಿ ಮೊಳಕಾಲು ಮಟ್ಟ ನೀರಿತ್ತು. ಹನ್ನೆರಡು ಜನವೂ ಅದರಲ್ಲಿ ಕೂತೆವು, ತಲೆಯ ಮೇಲೆ ಒದ್ದೆ ಮಾಡಿದ ಕಂಬಳಿ ಹೊದ್ದು. ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ಓಡುವಾಗ ಕಾಲು ಜಾರಿ, ಹಿಡಿದುಕೊಳ್ಳಲು ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಉರಿದು ಕೆಂಡವಾಗಿದ್ದ ಕೊರಡು. ಎರಡೂ ಅಂಗೈ ಸುಟ್ಟಿತು. ಅವನು ಮರ ಹತ್ತುವವನು, ಅಡಿಕೆ ಕೊನೆ ಕೊಯ್ಯುವವನು. ಮುಂದಿನ ಸುಗ್ಗಿಗೆ ಮರ ಹತ್ತಲಿಲ್ಲ. ಈಗ ಹತ್ತುತ್ತಾನೆ. ಆದರೆ ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ.

ಸಂಜೆ ಡಾಂಬರು ರಸ್ತೆಗೆ ಬಂದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಮೇಲಿದ್ದ ಕಾವಲುಗಾರನ ಕೈಯಲ್ಲಿ ಒಂದು ವೈರ್‌ಲೆಸ್ ಸೆಟ್ ಇತ್ತು. ರಸ್ತೆಯಲ್ಲಿ ನಿಂತಿದ್ದ ಬೆಂಕಿ ವಾಹನದಲ್ಲಿ ಇನ್ನೊಂದು ಸೆಟ್ ಇತ್ತು. ಅದರ ಹಿಂದೆ ಬಂದ ಜೀಪಿನಲ್ಲಿ ಮೂರನೆಯದು. ಮೂರೂ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಒಂದರ ಮಾತು ಇನ್ನೊಂದಕ್ಕೆ ಕೇಳುತ್ತಿರಲಿಲ್ಲ, ಅಷ್ಟೇ. ಒಂದೊಂದೂ ತನ್ನ ಇಲಾಖೆಯ ಚಾನೆಲ್ಲಿನಲ್ಲಿ ತನ್ನ ಕಚೇರಿಯ ಜೊತೆ ಮಾತಾಡುತ್ತಿತ್ತು. ನಮ್ಮ ಹತ್ತಿರ ನಾಲ್ಕನೆಯ ಸೆಟ್ ಇತ್ತು ಎಂದು ಬೇಕಾದರೆ ಹೇಳಬಹುದು. ಅದು ಅಜ್ಜನ ಗಂಟಲು.

ಇದರಲ್ಲಿ ಯಾರ ಹೆಸರನ್ನೂ ನಾನು ಹೇಳುವುದಿಲ್ಲ. ಆ ದಿನ ಅಲ್ಲಿದ್ದ ಒಬ್ಬೊಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಎಲ್ಲರೂ ಸರಿ ಮಾಡಿಯೂ ಹನ್ನೆರಡು ಜನ ಸುಟ್ಟುಹೋಗುವುದರಲ್ಲಿದ್ದರು. ನನ್ನನ್ನು ರಾತ್ರಿ ಏಳಿಸುವುದು ಈ ವಿಚಾರ. ತಪ್ಪು ಮಾಡಿದವನೊಬ್ಬ ಸಿಕ್ಕಿದ್ದರೆ ಅವನನ್ನು ಬೈದು ಮಲಗಬಹುದಿತ್ತು.

ಆಮೇಲೆ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ಅಲ್ಲಿದ್ದವರು ಓದಿ, ಚಹಾ ತರಿಸಿದರು. 'ವಿಷಯ ಸರಿ ಇದೆ, ಆದರೆ ಇದು ನಮ್ಮ ಹೆಡ್ಡಿಗೆ (ಖರ್ಚಿನ ಬಾಬ್ತಿಗೆ) ಬರುವುದಿಲ್ಲ' ಎಂದರು. ಇನ್ನೊಂದು ಕಚೇರಿಯಲ್ಲಿ 'ನೀವು ಯಾವ ಇಲಾಖೆಯವರು?' ಎಂದು ಕೇಳಿದರು. ಯಾವ ಇಲಾಖೆಯವರೂ ಅಲ್ಲ ಎಂದೆವು. 'ಹಾಗಾದರೆ ವೈರ್‌ಲೆಸ್ ಕೊಡಲು ಬರುವುದಿಲ್ಲ' ಎಂದರು. ನಿಯಮದ ಪ್ರಕಾರ ಅವರು ಹೇಳಿದ್ದೂ ಸರಿಯೇ. ಅದಕ್ಕೇ ಎಲ್ಲ ಹೆಡ್ಡುಗಳ ಮೇಲೆ ಇರುವ ನಿಮಗೆ ಈ ಪತ್ರ.

ಕಾನೂನಿನ ಮಾತು ಸ್ವಲ್ಪ ಬೇಕಾಗುತ್ತದೆ, ಕ್ಷಮಿಸಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ, ಕಾಡಿನಲ್ಲಿ ಹಕ್ಕು ಅನುಭವಿಸುವವರು ಬೆಂಕಿಯ ಸುದ್ದಿ ಮುಟ್ಟಿಸಬೇಕು, ಆರಿಸಲು ನೆರವಾಗಬೇಕು ಎಂಬ ಕಟ್ಟುಪಾಡು ಇದೆ. ಅಂದರೆ ನಮ್ಮ ಓಟವನ್ನು ಕಾನೂನು ಎಂದೋ ಲೆಕ್ಕಕ್ಕೆ ಹಿಡಿದಿದೆ. ಸುದ್ದಿ ಮುಟ್ಟಿಸಬೇಕಂತೆ. ಯಾವುದರಲ್ಲಿ ಮುಟ್ಟಿಸುವುದು? ಆ ಕಡೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 30ನೇ ಕಲಂ ಜಿಲ್ಲಾ ಪ್ರಾಧಿಕಾರದ ಕೆಲಸಗಳನ್ನು ಹೇಳುತ್ತದೆ. ಸಂಪರ್ಕ ವ್ಯವಸ್ಥೆ ಸುಸ್ಥಿತಿಯಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು, ಆಗಾಗ ಅಣಕು ಕವಾಯತು ನಡೆಸುವುದು ಅದರಲ್ಲಿ ಸೇರಿದೆ. ಒಂದು ಕಲಂ ನಮ್ಮ ಪಾಲಿನದು, ಒಂದು ನಿಮ್ಮ ಪಾಲಿನದು. ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು ಎಂಬುದಷ್ಟೇ ನನ್ನ ಕೋರಿಕೆ.

ಈಗ ಉಪಗ್ರಹದಿಂದ ಬೆಂಕಿಯ ಎಚ್ಚರಿಕೆ ಬರುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆ ಅದನ್ನು ಎಸ್ಸೆಮ್ಮೆಸ್ಸಿನಲ್ಲಿ ಕಳಿಸುತ್ತದೆ. ಒಳ್ಳೆಯ ಕೆಲಸ, ಅಲ್ಲಗಳೆಯುವುದಿಲ್ಲ. ಆಕಾಶದಲ್ಲಿ ಎಂಟುನೂರು ಕಿಲೋಮೀಟರ್ ಮೇಲಿನಿಂದ ನಮ್ಮ ಬೆಟ್ಟದ ಬೆಂಕಿ ಕಾಣುತ್ತದೆ. ಅಲ್ಲಿಂದ ಸಂದೇಶ ಹೊರಟು, ದೇಶವೆಲ್ಲಾ ಸುತ್ತಿ, ನಮ್ಮ ಊರಿನ ಕಣಿವೆಗೆ ಬಂದು, ನೆಟ್‌ವರ್ಕ್ ಕಲ್ಲಿನ ಹತ್ತಿರ ನಿಂತುಬಿಡುತ್ತದೆ. ಕೊನೆಯ ಎರಡು ಕಿಲೋಮೀಟರಿಗೆ ನಮಗೆ ಈಗಲೂ ಕಾಲೇ ಗತಿ.

ನನ್ನ ತಂಗಿಯನ್ನು ಕೊಟ್ಟದ್ದು ಘಟ್ಟದ ಕೆಳಗೆ. ಭಾವನ ಗೆಳೆಯರೊಬ್ಬರದು ಮೀನುಗಾರಿಕೆ ಬೋಟು. ಒಮ್ಮೆ ಕಾರವಾರಕ್ಕೆ ಬಂದವನು ಬೈತಖೋಲ ಬಂದರಿನಲ್ಲಿ ಅದರ ಮೇಲೆ ಹತ್ತಿ ಕೂತಿದ್ದೆ. ಚುಕ್ಕಾಣಿಯ ಪಕ್ಕ ಒಂದು ಪುಟ್ಟ ರೇಡಿಯೊ. ಉಪ್ಪು ಹಿಡಿದು ಗುಂಡಿಗಳ ಅಕ್ಷರ ಅಳಿಸಿಹೋಗಿತ್ತು. ನಾನು ಮಾತಾಡುತ್ತಿರುವಾಗಲೇ ಅದು ಗೊರಗೊರ ಎಂದು ಯಾವುದೋ ಬೋಟಿನವನ ಕೊಂಕಣಿ ಬೈಗುಳ ಕೇಳಿಸಿತು, ಎಲ್ಲರೂ ನಕ್ಕರು. ಅವರು ತೋರಿಸಿದರು: ಇದು 16ನೇ ಚಾನೆಲ್. 156.8 ಮೆಗಾಹರ್ಟ್ಸ್. ಪ್ರಪಂಚದ ಎಲ್ಲ ಸಮುದ್ರದಲ್ಲೂ ಅಪಾಯಕ್ಕೆ ಇದೇ ಚಾನೆಲ್. ಅದರಲ್ಲಿ ಬೈಯುವಂತಿಲ್ಲ, ಹರಟುವಂತಿಲ್ಲ, ಆದರೂ ಒಬ್ಬೊಬ್ಬ ಬೈಯುತ್ತಾನೆ, ಅದು ಬೇರೆ. ಬೋಟು ಮುಳುಗುತ್ತಿದೆ ಎಂದು ಅದರಲ್ಲಿ ಕೂಗಿದರೆ ಪಕ್ಕದ ಬೋಟಿನವನಿಗೂ ಕೇಳುತ್ತದೆ, ದೂರದಲ್ಲಿ ಹೋಗುವ ಹಡಗಿಗೂ ಕೇಳುತ್ತದೆ, ಕೋಸ್ಟ್ ಗಾರ್ಡಿನವರಿಗೂ ಕೇಳುತ್ತದೆ. ನೀನು ಯಾವ ಇಲಾಖೆ ಎಂದು ಯಾರೂ ಕೇಳುವುದಿಲ್ಲ.

ನನಗೆ ಆವತ್ತು ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಒಂದೇ ಜಿಲ್ಲೆ. ಕೆಳಗೆ ಸಮುದ್ರದಲ್ಲಿ ಎಲ್ಲರಿಗೂ ಒಂದು ಚಾನೆಲ್ ಇದೆ. ಮೇಲೆ ಕಾಡಿನಲ್ಲಿ ಯಾಕೆ ಇಲ್ಲ? ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾದ, ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡೇ ಇರುವ ಜಿಲ್ಲೆಗೆ ಘಟ್ಟದ ಮೇಲೆಯೂ ಒಂದು 16ನೇ ಚಾನೆಲ್ ಬೇಕು.

ಸಮುದ್ರ ಬಯಲು, ಕಾಡು ಹಾಗಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಕೈಯಲ್ಲಿ ಹಿಡಿಯುವ ಐದು ವ್ಯಾಟಿನ ಸೆಟ್ ಎದುರಿಗೆ ಗುಡ್ಡ ಬಂದರೆ ಸೋಲುತ್ತದೆ. ಆ ತರಂಗ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ, ಗುಡ್ಡ ಬಳಸಿ ಹೋಗುವುದಿಲ್ಲ. ಅದಕ್ಕೆ ಉಪಾಯ ರಿಪೀಟರ್. ಎತ್ತರದ ಗುಡ್ಡದ ಮೇಲೆ ಒಂದು ಪೆಟ್ಟಿಗೆ, ಒಂದು ಆಂಟೆನಾ. ಕೆಳಗಿನಿಂದ ಬಂದ ಮಾತನ್ನು ಒಂದು ತರಂಗದಲ್ಲಿ ಹಿಡಿದು, ಅದೇ ಗಳಿಗೆಯಲ್ಲಿ ಇನ್ನೊಂದು ತರಂಗದಲ್ಲಿ ಜೋರಾಗಿ ಬಿಡುತ್ತದೆ. ಅಜ್ಜನನ್ನು ಗುಡ್ಡದ ತುದಿಗೆ ಕೂರಿಸಿ, ಕೇಳಿದ ಕೂ ಅನ್ನು ಆ ಕಡೆಗೂ ಹಾಕು ಎಂದ ಹಾಗೆ. ಎರಡು ಕಿಲೋಮೀಟರ್ ಹೋಗುತ್ತಿದ್ದ ಮಾತು ಮೂವತ್ತು ನಲವತ್ತು ಕಿಲೋಮೀಟರ್ ಹೋಗುತ್ತದೆ. ಅದಕ್ಕೆ ಬೇಕಾದ ಕರೆಂಟು ತೀರಾ ಕಡಿಮೆ, ಸೋಲಾರ್ ಫಲಕ ಮತ್ತು ಬ್ಯಾಟರಿ ಸಾಕು. ಪೊಲೀಸರೂ ಅರಣ್ಯ ಇಲಾಖೆಯೂ ಈ ತಂತ್ರವನ್ನು ಎಷ್ಟೋ ಕಾಲದಿಂದ ಬಳಸುತ್ತಿದ್ದಾರೆ. ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ. ದೇವಿಮನೆ, ಅರಬೈಲು ಸಾಲಿನ ಎತ್ತರಗಳು ಈ ಕೆಲಸಕ್ಕೇ ಹುಟ್ಟಿದ ಹಾಗಿವೆ. ಒಂದು ಕಡೆ ಘಟ್ಟದ ಮೇಲಿನ ಊರು ಕಾಣುತ್ತದೆ, ಇನ್ನೊಂದು ಕಡೆ ಕರಾವಳಿ.

ನಾವು ಸುಮ್ನೆ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಸ್ವಲ್ಪ ನಾಚಿಕೆಯ ಕತೆ. ಹುಡುಗನ ಕೈ ಸುಟ್ಟ ಮೇಲೆ ಊರಿನ ಯುವಕರು ದುಡ್ಡು ಒಟ್ಟು ಮಾಡಿ ಆನ್‌ಲೈನಿನಲ್ಲಿ ಆರು ವಾಕಿಟಾಕಿ ತರಿಸಿದರು. ಅಗ್ಗದ್ದು. ಮೊದಲ ದಿನ ಊರೆಲ್ಲಾ ಹಬ್ಬ. 'ಹಲೋ ಹಲೋ, ಓವರ್' ಎಂದು ಮಕ್ಕಳೆಲ್ಲ ತೋಟದ ತುಂಬಾ ಓಡಾಡಿದರು. ಆಮೇಲೆ ಒಬ್ಬರು ತಿಳಿದವರು ಹೇಳಿದರು, ಇದಕ್ಕೆ ಪರವಾನಗಿ ಬೇಕು, ಇಲ್ಲದಿದ್ದರೆ ಅಪರಾಧ ಎಂದು. ವಿಚಾರಿಸಿದರೆ ನಿಜ. ಕೇಂದ್ರ ಸರ್ಕಾರ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಸ್‌ನಂಥ ಕೆಲವೇ ತರಂಗ ಪಟ್ಟಿಗಳನ್ನು, ಅದೂ ಕಡಿಮೆ ಶಕ್ತಿಯ ಸೆಟ್ಟುಗಳಿಗೆ. ಪರವಾನಗಿ ವಿಷಯ ಹೇಳದೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳ ಮೇಲೆ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಕಣ್ಣಿಟ್ಟು ಮಾರ್ಗಸೂಚಿ ಹೊರಡಿಸಿತು. ನಾವು ತಂದದ್ದು ಆ ಪಟ್ಟಿಯೊಳಗಿನದಲ್ಲ. ಪಟ್ಟಿಯೊಳಗಿನದನ್ನು ಆಮೇಲೆ ಒಬ್ಬರಿಂದ ಎರವಲು ತಂದು ನೋಡಿದೆವು. ಮೊದಲ ಗುಡ್ಡ ದಾಟಿತು, ಎರಡನೆಯದು ದಾಟಲಿಲ್ಲ. ಆ ಆರು ಸೆಟ್ ಈಗ ನಮ್ಮ ಮನೆಯ ಕಪಾಟಿನಲ್ಲಿ ದೇವರ ಪಾತ್ರೆಗಳ ಹಿಂದೆ ಇವೆ. ಹೆಂಡತಿ ವರ್ಷಕ್ಕೊಮ್ಮೆ ಧೂಳು ಒರೆಸುತ್ತಾಳೆ.

ಹಾಗಾಗಿ ಇದು ನಾವು ಕೈಯಿಂದ ಖರ್ಚು ಮಾಡಿ ಮುಗಿಸುವ ವಿಷಯ ಅಲ್ಲ. ತರಂಗ ಸರ್ಕಾರದ್ದು. ಪರವಾನಗಿ ಸರ್ಕಾರದ್ದು. ಗುಡ್ಡದ ತುದಿ ಅರಣ್ಯ ಇಲಾಖೆಯದ್ದು. ಒಳ್ಳೆಯ ಸೆಟ್ಟೊಂದಕ್ಕೆ ಹತ್ತಿರಹತ್ತಿರ ಕಾಲು ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡು ಬೇಕು. ಅದನ್ನು ಹಾಗೂ ಹೀಗೂ ಹೊಂದಿಸಬಹುದು. ರಿಪೀಟರನ್ನು ಯಾವ ಊರೂ ಒಂಟಿಯಾಗಿ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಲೂಬಾರದು. ಊರಿಗೊಂದು ಚಾನೆಲ್ ಆದರೆ ಮತ್ತೆ ಅದೇ ಕತೆ, ಅಲ್ವಾ?

ನಮ್ಮ ಕಡೆ ಬಹಳ ಮನೆಗಳಲ್ಲಿ ಒಬ್ಬರಾದರೂ ಅಮೆರಿಕದಲ್ಲಿದ್ದಾರೆ. ನನ್ನ ಅಣ್ಣನ ಮಗ ಅಲ್ಲಿಯ ಒಂದು ಸಣ್ಣ ಊರಿನಲ್ಲಿದ್ದಾನೆ. ಅಲ್ಲಿ ಅಗ್ನಿಶಾಮಕರಲ್ಲಿ ಹೆಚ್ಚಿನವರು ನಮ್ಮ ಹಾಗೆ ಬೇರೆ ಕೆಲಸ ಇದ್ದವರು, ಸ್ವಯಂಸೇವಕರು. ಅವರಿಗೆ ರೇಡಿಯೊ, ರಕ್ಷಣಾ ಉಡುಪು ಕೊಳ್ಳಲು ಕೇಂದ್ರ ಸರ್ಕಾರದ ಅನುದಾನ ಇದೆ. 20,000ಕ್ಕಿಂತ ಜಾಸ್ತಿ ಜನ ಇಲ್ಲದ ಊರಾದರೆ ಊರಿನ ಪಾಲು ಕೇವಲ ಶೇ. 5. ಆ ದೇಶಕ್ಕೂ ಇದು ಸುಲಭಕ್ಕೆ ಬಂದ ಬುದ್ಧಿಯಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಬಿದ್ದಾಗ 343 ಅಗ್ನಿಶಾಮಕರು ಸತ್ತರು. ಹೊರಗೆ ಬನ್ನಿ ಎಂಬ ಆದೇಶ ಒಳಗಿದ್ದ ಹಲವರ ರೇಡಿಯೊಗೆ ಮುಟ್ಟಲೇ ಇಲ್ಲ. ಮೇಲೆ ಹಾರುತ್ತಿದ್ದ ಪೊಲೀಸ್ ಹೆಲಿಕಾಪ್ಟರಿಗೆ ಕಂಡದ್ದನ್ನು ಅವರಿಗೆ ಹೇಳುವ ನೇರ ದಾರಿ ಇರಲಿಲ್ಲ. ಎಲ್ಲ ಇಲಾಖೆಗೂ ಸೇರಿದ ರೇಡಿಯೊ ಬೇಕು ಎಂಬ ಮಾತಿಗೆ ಅಲ್ಲಿ ಜೋರು ಬಂದದ್ದು ಅದಾದ ಮೇಲೆ. ಮಹಾನಗರದ ಕತೆ ನಮಗೆ ಯಾಕೆ ಎನ್ನಬೇಡಿ. ನಮ್ಮ ಗುಡ್ಡದ ಮೇಲಿನ ಕಾವಲುಗಾರ, ಕೆಳಗಿನ ನಾವು, ಇದು ಅದೇ ಕತೆಯ ಬಡ ಆವೃತ್ತಿ.

ಬೆಂಕಿಯ ಕಾಲ ಮೂರು ನಾಲ್ಕು ತಿಂಗಳು, ಅಷ್ಟಕ್ಕಾಗಿ ಇಷ್ಟು ಖರ್ಚೇ ಎಂದು ಹಣಕಾಸು ನೋಡುವವರು ಕೇಳಬಹುದು. ಫೆಬ್ರವರಿಯಿಂದ ಮೇ ಬೆಂಕಿ. ಜೂನಿನಿಂದ ಸೆಪ್ಟೆಂಬರ್? 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿಗೆ ಇಳಿಯಿತು, ಹೊಳೆಯ ಆಚೆ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಮೂರು ವಾರ ಕಳೆದದ್ದೇ, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲೇ ಕಾಳಿ ಹೊಳೆಯ ಹಳೇ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಮೊದಲು ಹೋಗುವುದು ಕರೆಂಟು. ಆಮೇಲೆ ಟವರಿನ ಬ್ಯಾಟರಿ. ಆಮೇಲೆ ಟವರು. ರಸ್ತೆಗೆ ಮರ ಬಿದ್ದರೆ ಜನರೇಟರಿಗೆ ಡೀಸೆಲ್ ತರುವವನೂ ಬರಲಾರ. ಬೇಸಿಗೆಯಲ್ಲಿ ಬೆಂಕಿಗೆ ಕೊಟ್ಟ ಸೆಟ್ಟು ಮಳೆಗಾಲದಲ್ಲಿ ಕಪಾಟಿಗೆ ಹೋಗುವುದಿಲ್ಲ.

ಹಣದ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಓದಿದಷ್ಟು ಹೇಳುತ್ತೇನೆ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಇದೆ, ಭೂಕುಸಿತವೂ ಇದೆ. ಆ ನಿಧಿಗೆ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ. 75, ರಾಜ್ಯದ ಪಾಲು ಶೇ. 25. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ವಿಪತ್ತಿನ ಹಣವನ್ನು ಹಂಚುವಾಗ ಶೇ. 20ನ್ನು ಅನಾಹುತ ತಗ್ಗಿಸಲು ಎಂದು ಬೇರೆ ಇಟ್ಟಿತು, ಶೇ. 10ನ್ನು ಸಿದ್ಧತೆಗೆ ಮತ್ತು ಸಾಮರ್ಥ್ಯ ಬೆಳೆಸಲು ಎಂದಿತು. ಅಂದರೆ ಅನಾಹುತ ಆದ ಮೇಲೆ ಪರಿಹಾರ ಕೊಡುವುದಷ್ಟೇ ಅಲ್ಲ, ಮೊದಲೇ ಖರ್ಚು ಮಾಡಬಹುದು ಎಂಬ ಮಾತು ಕಾಗದದಲ್ಲಿ ಬಂದಾಗಿದೆ. ರೇಡಿಯೊಗಿಂತ ಬೇರೆ ಸಿದ್ಧತೆ ಯಾವುದು?

ನಾವು ಬಯಸುವುದನ್ನು ಹೇಳಿಬಿಡುತ್ತೇನೆ. ಜಿಲ್ಲಾ ಪ್ರಾಧಿಕಾರದ ಹೆಸರಿನಲ್ಲೇ ಪರವಾನಗಿ ಪಡೆದು ಇಡೀ ಜಿಲ್ಲೆಗೆ ಒಂದು ತುರ್ತು ಚಾನೆಲ್ ಮಾಡಿ. ಇಲಾಖೆಗಳು ತಮ್ಮ ತಮ್ಮ ಚಾನೆಲ್ ಇಟ್ಟುಕೊಳ್ಳಲಿ, ಗುಟ್ಟಿನ ಮಾತು ಅಲ್ಲೇ ಆಡಲಿ, ಬೇಡ ಎನ್ನುವುದಿಲ್ಲ. ಆದರೆ ಅರಣ್ಯ, ಅಗ್ನಿಶಾಮಕ, ಪೊಲೀಸ್, ಕಂದಾಯ, ಎಲ್ಲರ ಸೆಟ್ಟಿನಲ್ಲೂ ಈ ಒಂದು ಚಾನೆಲ್ ಇರಲೇಬೇಕು. ನಿಮ್ಮ 1077 ಸಹಾಯವಾಣಿಯ ಕೋಣೆಯಲ್ಲಿ ಒಬ್ಬರು ಅದನ್ನು ಹಗಲೂ ರಾತ್ರಿ ಕೇಳುತ್ತಿರಬೇಕು. ಘಟ್ಟದ ತುದಿಗಳಲ್ಲಿ ರಿಪೀಟರ್ ನಿಲ್ಲಿಸಬೇಕು, ಸಿಡಿಲಿಗೆ ತಕ್ಕ ರಕ್ಷಣೆ ಕೊಟ್ಟು. ನಮ್ಮಲ್ಲಿ ಸಿಡಿಲು ತೆಂಗಿನ ಮರವನ್ನೇ ಬಿಡುವುದಿಲ್ಲ, ಆಂಟೆನಾ ಬಿಡುತ್ತದೆಯೇ? ಕಾಡಂಚಿನ ಪ್ರತಿ ಗ್ರಾಮ ಅರಣ್ಯ ಸಮಿತಿಗೆ ಮೂರು ಸೆಟ್ ಕೊಡಿ. ಯಾಕೆ ಮೂರು ಅಂದರೆ ಬೆಂಕಿಗೆ ಎರಡು ಅಂಚು, ಮೇಲೆ ನಿಂತು ನೋಡುವವನು ಒಬ್ಬ.

ಸೆಟ್ಟು ಯಾರ ಮನೆಯ ಸ್ವತ್ತೂ ಆಗಬಾರದು. ಪಂಚಾಯಿತಿಯಲ್ಲಿ ರಿಜಿಸ್ಟರ್ ಇಟ್ಟು, ನಂಬರು ಬರೆದು, ಸಹಿ ಮಾಡಿ ತೆಗೆದುಕೊಳ್ಳುವ ಕ್ರಮ ಇರಲಿ. ದುರುಪಯೋಗದ ಭಯ ಇದ್ದರೆ ನಮ್ಮ ಸಮಿತಿಯೇ ಜವಾಬ್ದಾರಿ ಹೊರುತ್ತದೆ. ಬಂದೂಕಿನ ಲೈಸೆನ್ಸ್ ಕೊಡಲು ನಂಬುವ ಸರ್ಕಾರ ರೇಡಿಯೊ ಕೊಡಲು ನಂಬಬಹುದು. ಇನ್ನೊಂದು, ಇದು ಬಹಳ ಮುಖ್ಯ: ದಯವಿಟ್ಟು ಒಂದೇ ಸಲ ಕೊಟ್ಟು ಫೋಟೊ ತೆಗೆದು ಮರೆತುಬಿಡಬೇಡಿ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ. ಮೊದಲ ವರ್ಷ ಖರೀದಿಗೆ ದುಡ್ಡು ಬರುತ್ತದೆ, ನಾಲ್ಕನೇ ವರ್ಷ ಬ್ಯಾಟರಿಗೆ ಬರುವುದಿಲ್ಲ. ನಮ್ಮೂರ ಶಾಲೆಯ ಸೋಲಾರ್ ದೀಪಕ್ಕೆ ಆದದ್ದು ಇದೇ. ದುರಸ್ತಿಯ ಹಣ ಮೊದಲ ದಿನವೇ ಯೋಜನೆಯೊಳಗೆ ಇರಬೇಕು. ಅಮೆರಿಕದ ಲೆಕ್ಕದಲ್ಲಿ ಊರಿನ ಪಾಲು ಶೇ. 5 ಕೇಳಿದರೆ ಕೊಡುತ್ತೇವೆ. ಅಡಿಕೆ ರೇಟು ಇದ್ದ ವರ್ಷವಾದರೆ ಶೇ. 10.

ತರಬೇತಿ ಡಿಸೆಂಬರಿನೊಳಗೆ ಆಗಲಿ. ಬೆಂಕಿ ಬಿದ್ದ ಮೇಲೆ ಗುಂಡಿ ಯಾವುದು ಎಂದು ಹುಡುಕುವ ಹಾಗಾಗಬಾರದು. ತರಬೇತಿ ಕನ್ನಡದಲ್ಲಿ ಇರಲಿ. 'ಆಲ್ಫಾ, ಬ್ರಾವೊ' ನಮಗೆ ಬೇಡ. 'ದೊಡ್ಡ ಮಾವಿನ ಮರದ ಕೆಳಗೆ ಇದ್ದೇವೆ, ಮೇಲೆ ಬೆಂಕಿ ಕೊಡಬೇಡಿ' ಎಂದರೆ ಸಾಕು. ಬನವಾಸಿ ಕಡೆಯ, ಮುಂಡಗೋಡ, ಹಳಿಯಾಳ ಕಡೆಯ ಒಣ ಕಾಡಿನ ಊರುಗಳಿಂದ ಶುರು ಮಾಡಿದರೂ ನಮ್ಮ ತಕರಾರಿಲ್ಲ. ಅಲ್ಲಿ ತೇಗದ ಎಲೆ ಉದುರಿ ನೆಲವೆಲ್ಲ ಹಾಸಿಗೆಯಾಗುತ್ತದೆ, ನಮಗಿಂತ ಮೊದಲು ಅವರಿಗೆ ಬೆಂಕಿ. ನಮ್ಮದು ಆಮೇಲೆ ಬರಲಿ. ಆದರೆ ಪಟ್ಟಿಯಲ್ಲಿ ಇರಲಿ.

ಬೆಂಕಿ ಹಚ್ಚುವವರು ನೀವೇ ಅಲ್ಲವೇ ಎಂಬ ಮಾತನ್ನೂ ಕೇಳಿದ್ದೇನೆ. ಕೆಲವೊಮ್ಮೆ ಹೌದು. ಹೊಸ ಹುಲ್ಲಿಗಾಗಿ ಬೇಣಕ್ಕೆ ಕಡ್ಡಿ ಗೀರುವವರು ಇದ್ದಾರೆ, ಜೇನು ಕೀಳುವ ಸೂಡಿಯಿಂದ ಕಿಡಿ ಬೀಳುತ್ತದೆ, ತೋಟದ ಕಸಕ್ಕೆ ಹಚ್ಚಿದ್ದು ಬೇಲಿ ಹಾರುತ್ತದೆ, ರಸ್ತೆಯಲ್ಲಿ ಹೋಗುವವನ ಬೀಡಿಯೂ ಸಾಕು. ಅವರನ್ನು ಹಿಡಿಯಿರಿ, ನಾವೂ ಹೇಳಿಕೊಡುತ್ತೇವೆ. ಆರಿಸಲು ಓಡುವವನ ಕೈಗೆ ಸೆಟ್ಟು ಕೊಡದೆ ಇರಲು ಅದು ಕಾರಣ ಆಗಲಾರದು.

ಮಾನ್ಯರೇ, ಮುಂದಿನ ಬೇಸಿಗೆಗೆ ಮೊದಲು ಒಂದು ಸಭೆ ಕರೆಯಿರಿ. ಎಲ್ಲ ಇಲಾಖೆಯವರು ತಮ್ಮ ತಮ್ಮ ಸೆಟ್ಟು ತೆಗೆದುಕೊಂಡೇ ಬರಲಿ. ಒಂದೇ ಮೇಜಿನ ಮೇಲೆ ಇಟ್ಟು, ಒಬ್ಬರು ಗುಂಡಿ ಒತ್ತಿ 'ಹಲೋ' ಎನ್ನಲಿ. ಯಾವ ಯಾವ ಸೆಟ್ಟಿಗೆ ಕೇಳುತ್ತದೆ, ಯಾವುದಕ್ಕೆ ಕೇಳುವುದಿಲ್ಲ ಎಂದು ನೀವೇ ನೋಡಿ. ಅರ್ಧ ಗಂಟೆಯ ಕೆಲಸ. ನಮ್ಮ ಸಮಿತಿಯಿಂದ ಮೂವರು ಬರುತ್ತೇವೆ. ಅಂಗೈ ಸುಟ್ಟುಕೊಂಡ ಹುಡುಗನೂ ಬರುತ್ತೇನೆ ಎಂದಿದ್ದಾನೆ. ಅಜ್ಜನಿಗೆ ಬಸ್ಸಿನಲ್ಲಿ ಅಷ್ಟು ದೂರ ಆಗುವುದಿಲ್ಲ.

ಸಭೆಯ ದಿನವನ್ನು ದಯವಿಟ್ಟು ಅಂಚೆಯಲ್ಲಿ ತಿಳಿಸಿ, ಒಂದು ವಾರ ಮೊದಲು. ಫೋನ್ ಮಾಡಿದರೆ ನಾವು ಸಿಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗ್ರಾಮ ಅರಣ್ಯ ಸಮಿತಿಯ ಒಬ್ಬ ಸದಸ್ಯ,
ಶಿರಸಿ ತಾಲೂಕು